ಹೋದ ವಿದ್ಯುತ್ತು ಮರಳುವ ದಾರಿ

೧೯೭೫ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಗಣಕಯಂತ್ರದ ಹವ್ಯಾಸಿಗಳ ಕೂಟವೊಂದು ಸೇರಿತ್ತು. ಸ್ಟೀವ್ ಡೊಂಪಿಯರ್ ಎಂಬಾತನು ತನ್ನ ಆಲ್ಟೇರ್ ಗಣಕದ ಬಳಿ ರೇಡಿಯೋ ಒಂದನ್ನಿರಿಸಿ ಯಂತ್ರವನ್ನು ನಡೆಸಿದನು. ರೇಡಿಯೋ ಹಾಡತೊಡಗಿತು! ಎರಡರ ನಡುವೆ ತಂತಿಯ ಸಂಬಂಧವೇ ಇರಲಿಲ್ಲ. ಗಣಕದಿಂದ ಸೋರುತ್ತಿದ್ದ ವಿದ್ಯುತ್ಕಾಂತ ತರಂಗಗಳನ್ನೇ ರೇಡಿಯೋ ಹಿಡಿದು ನುಡಿಸುತ್ತಿತ್ತು. ನೆರೆದವರು ಕರತಾಡನ ಮಾಡಿದರು.

ಅಂದಿನ ವಿನೋದ ಕೆಲವೇ ವರ್ಷಗಳಲ್ಲಿ ಪೀಡೆಯಾಯಿತು. ಮನೆಗಳಿಗೆ ಗಣಕ ಬಂದಂತೆ ಟೆಲಿವಿಷನ್ನಿನ ಚಿತ್ರ ಕದಡತೊಡಗಿತು. ೧೯೭೯ರಲ್ಲಿ ಅಲ್ಲಿನ ಸಂಪರ್ಕ ಆಯೋಗವು ಈ ಸೋರಿಕೆಗೆ ಮಿತಿಯನ್ನು ವಿಧಿಸಿತು. ೧೯೭೭ರಲ್ಲಿ ಹೊರಬಂದಿದ್ದ ಟಿ.ಆರ್.ಎಸ್.-೮೦ ಗಣಕದ ಮೊದಲ ಮಾದರಿ ಆ ಮಿತಿಗೆ ಒಳಪಡಲಾರದೆ ೧೯೮೧ರಲ್ಲಿ ನಿಂತುಹೋಯಿತು.

ಯಂತ್ರವನ್ನು ಕಟ್ಟುವ ಮೊದಲೇ ಅದರ ಸೋರಿಕೆಯನ್ನು ಅರಿಯಲಾಗದೆ? ಅರಿಯಬಹುದು, ಆದರೆ ಸೋರಿಕೆಯ ಮೂಲ ತಿಳಿದಿರಬೇಕು.

ವಿದ್ಯುತ್ಪ್ರವಾಹ ಹೊರಟಲ್ಲಿಗೇ ಮರಳಬೇಕೆಂಬುದು ನಿಸರ್ಗನಿಯಮ. ಹೋಗುವ ದಾರಿಯೂ ಬರುವ ದಾರಿಯೂ ಕೂಡಿ ಒಂದು ಕುಣಿಕೆಯಾಗುತ್ತದೆ. ಆ ಕುಣಿಕೆಯೇ ಪುಟ್ಟ ಆಂಟೆನಾ. ಪ್ರವಾಹ ಹೆಚ್ಚಿದಷ್ಟೂ, ಕುಣಿಕೆಯ ವಿಸ್ತೀರ್ಣ ಹಿಗ್ಗಿದಷ್ಟೂ ತರಂಗ ಬಲಿಯುತ್ತದೆ. ಕಂಪನಾಂಕ ಇಮ್ಮಡಿಯಾದರಂತೂ ತರಂಗದ ಪ್ರಮಾಣ ನಾಲ್ಮಡಿ!

ಇದನ್ನರಿತ ವಿನ್ಯಾಸಕಾರರು ಸರ್ಕ್ಯೂಟ್ ಬೋರ್ಡಿನಲ್ಲಿ ಗೆರೆಗಳ ಕೆಳಗೆ ತಾಮ್ರದ ಹಾಳೆಯನ್ನು ಹಾಸುತ್ತಾರೆ. ವೇಗದ ಪ್ರವಾಹವು ಗೆರೆಯ ನೆರಳಿನಂತೆ ಅದರ ಅಡಿಯಲ್ಲೇ ಮರಳುತ್ತದೆ, ಕುಣಿಕೆ ಸಣ್ಣದಾಗುತ್ತದೆ. ಆದರೆ ಹಾಳೆಯಲ್ಲಿ ಸೀಳೊಂದಿದ್ದು ಗೆರೆ ಅದನ್ನು ದಾಟಿತೆನ್ನಿ: ಸೇತುವೆ ಮುರಿದ ಊರಿನ ದಾರಿಹೋಕನಂತೆ ಪ್ರವಾಹ ಸುತ್ತಿಬಳಸಿ ಬರಬೇಕಾಗುತ್ತದೆ. ಕುಣಿಕೆ ಹಿಗ್ಗುತ್ತದೆ, ಹಲಗೆ ಹಾಡುತ್ತದೆ.

ಇದಕ್ಕೂ ಕುಟಿಲವಾದುದು ಹಲಗೆಗೆ ಜೋಡಿಸಿದ ಹೊರತಂತಿ. ಒಂದು ಮೀಟರಿನ ತಂತಿಯಲ್ಲಿ, ಸೆಕೆಂಡಿಗೆ ೫ ಕೋಟಿ ಕಂಪನಗಳ ಪ್ರವಾಹ ಒಂದು ಆಂಪಿಯರಿನ ಹತ್ತು ಲಕ್ಷದಲ್ಲಿ ೫ ಪಾಲಿನಷ್ಟು ದಾರಿತಪ್ಪಿ ಹರಿದರೂ ಸಾಕು. ೩ ಮೀಟರು ದೂರದಲ್ಲಿ, ಮನೆಬಳಕೆಯ ಯಂತ್ರಗಳಿಗೆ ಅಮೆರಿಕ ವಿಧಿಸಿದ ಮೀಟರಿಗೆ ೧೦೦ ಮೈಕ್ರೋವೋಲ್ಟಿನ ಮಿತಿ ಮೀರಿಹೋಗುತ್ತದೆ.

ಮ್ಯಾಕ್ಸ್‌ವೆಲ್ಲನು ೧೮೬೫ರಲ್ಲಿ ಪ್ರಕಟಿಸಿದ ಸಿದ್ಧಾಂತವೇ ಇಂದಿನ ಗಣನೆಗೂ ತಳಹದಿ. ಅವನ ಸಮೀಕರಣಗಳನ್ನು ಬಿಡಿಸಲು ಆಕಾಶವನ್ನು ಪುಟ್ಟ ಕೋಣೆಗಳಾಗಿಯೂ ಕಾಲವನ್ನು ಕ್ಷಣಾಂಶಗಳಾಗಿಯೂ ವಿಭಾಗಿಸುವ ಕ್ರಮವನ್ನು ಕೇನ್ ಯೀ ಎಂಬ ವಿದ್ವಾಂಸರು ೧೯೬೬ರಲ್ಲಿ ತೋರಿಸಿದರು. ಆ ಕ್ರಮದಿಂದ ಗಣಕವು ಇನ್ನೂ ಹುಟ್ಟದ ಹಲಗೆಯ ಸೋರಿಕೆಯನ್ನು ಎಣಿಸಬಲ್ಲುದು. ಆದರೂ ಗ್ರಾಹಕನು ತಂತಿಯನ್ನು ಯಾವ ಮೂಲೆಗೆ ಎಳೆದಾನೆಂಬುದು ಅದಕ್ಕೆ ಹೇಗೆ ತಿಳಿದೀತು? ಆದುದರಿಂದ ಗಣಿತದ ಉತ್ತರ ಅಂದಾಜಾಗಿ ಉಳಿಯುತ್ತದೆ. ಕಡೆಯ ತೀರ್ಪು ಪ್ರಯೋಗಶಾಲೆಯ ಅಳತೆಯದೇ.

ಹಾಗೆಂದು ಗಣನೆ ವ್ಯರ್ಥವಲ್ಲ. ಎರಡು ವಿನ್ಯಾಸಗಳಲ್ಲಿ ಯಾವುದು ಮೌನಿ, ಮರಳುವ ದಾರಿ ಎಲ್ಲಿ ಕಡಿದಿದೆ ಎಂಬುದನ್ನು ಅದು ತೋರಬಲ್ಲುದು. ನಕ್ಷೆಯಲ್ಲಿ ಗೆರೆಯೊಂದನ್ನು ಸರಿಸಲು ಅಲ್ಪ ಶ್ರಮ ಸಾಕು; ಸಿದ್ಧವಾದ ಯಂತ್ರಕ್ಕೆ ಲೋಹದ ಕವಚ ತೊಡಿಸಲು ಹಣ ಸುರಿಯಬೇಕು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?

ಅಗ್ಗದ ದೀಪವೋ ಚಾರ್ಜರೋ ಹೊತ್ತಿದೊಡನೆ ಪಕ್ಕದ ರೇಡಿಯೋ ಕರಕರ ಎನ್ನುವುದನ್ನು ಅನೇಕ ವಾಚಕರು ಕೇಳಿರಬಹುದು. ಎಲ್ಲಿಯೋ ಒಬ್ಬ ವಿನ್ಯಾಸಕಾರನು ಪ್ರವಾಹವನ್ನು ಕಳುಹಿಸುವುದನ್ನು ಯೋಚಿಸಿ, ಅದು ಮರಳುವುದನ್ನು ಯೋಚಿಸದೆ ಬಿಟ್ಟಿರಬೇಕು. ಅವನು ಉಳಿಸಿದ ಕಾಸಿಗೆ ಬೆಲೆ ತೆರುವವರು ನೆರೆಮನೆಯವರು.