ಇಂಟರ್‌ವಲ್‌ಗೆ ಮುಂಚೆ ವಿಲನ್ ಸಿಕ್ಕರೆ...

ಬೋಳುತಲೆಯ ಯೂಲ್ ಬ್ರಿನ್ನರ್ ಗೊತ್ತಲ್ಲ? 'ಟೆನ್ ಕಮಾಂಡ್‌ಮೆಂಟ್ಸ್' ಚಿತ್ರದ ಫೇರೋ. 'ಮ್ಯಾಗ್ನಿಫಿಸೆಂಟ್ ಸೆವೆನ್'ನಲ್ಲಿ ಕರಿ ಬಟ್ಟೆ ತೊಟ್ಟು ಕುದುರೆ ಮೇಲೆ ಬಂದ ಭೂಪ! ಈತ 1971ರಲ್ಲೇ ಸಿಗರೇಟು ಬಿಟ್ಟಿದ್ದ. ಆದರೂ 1983ರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಪತ್ತೆಯಾಯಿತು. 1985ರ ಅಕ್ಟೋಬರ್‌ನಲ್ಲಿ ತೀರಿಕೊಂಡ. ಸತ್ತ ಮೇಲೂ ಟಿ.ವಿ. ಜಾಹೀರಾತಿನಲ್ಲಿ ಬಂದು, ಸಿಗರೇಟು ಮುಟ್ಟಬೇಡಿ ಎಂದು ಜನಕ್ಕೆ ಹೇಳಿದ.

ಇದನ್ನ ಯಾಕೆ ಹೇಳ್ತಿದ್ದೀನಿ ಅಂದ್ರೆ, ನಮ್ಮಪ್ಪ ಸಿಗರೇಟು ಬಿಟ್ಟು ಆರು ವರ್ಷ. ಅದಕ್ಕೂ ಮುಂಚೆ ಮೂವತ್ತು ವರ್ಷ ಲಾರಿ ಸ್ಟೀರಿಂಗು, ದಿನಕ್ಕೊಂದು ಪ್ಯಾಕು. ಈಗ ವಯಸ್ಸು 58. "ಬಿಟ್ಟಾಯ್ತಲ್ಲ, ಇನ್ನೇನು ಭಯ?" ಅಂತಿದ್ರು. ಹೋದ ವರ್ಷ ಅವರ ಜೊತೆ ಲಾರಿ ಓಡಿಸ್ತಿದ್ದ ಗೆಳೆಯರು ಕೆಮ್ಮಿದಾಗ ರಕ್ತ ಬಂತು. ಡಾಕ್ಟರು ನೋಡೋ ಹೊತ್ತಿಗೆ ರೋಗ ಮೂಳೆಗೆ ಇಳಿದಿತ್ತು. ಆ ಮನುಷ್ಯ ದೀಪಾವಳಿ ನೋಡಲಿಲ್ಲ.

ಈ ವಿಲನ್‌ನ ಕಿತಾಪತಿಯೇ ಅದು ಕಣ್ರೀ. ಮೊದಲ ಅರ್ಧದಲ್ಲಿ ಡೈಲಾಗೇ ಹೊಡೆಯೋಲ್ಲ. ನೋವಿಲ್ಲ, ಜ್ವರವಿಲ್ಲ. ಬಾಯಿ ಬಿಟ್ಟಾಗ ಕ್ಲೈಮ್ಯಾಕ್ಸು!

ಹಾಗಾದರೆ ಮೊದಲೇ ಹಿಡಿಯೋದು ಹೇಗೆ? ಅಮೆರಿಕದಲ್ಲಿ 2002ರಿಂದ 53 ಸಾವಿರಕ್ಕೂ ಹೆಚ್ಚು ಸಿಗರೇಟು ಸೇದುವವರನ್ನೂ ಬಿಟ್ಟವರನ್ನೂ ಸೇರಿಸಿ ಪರೀಕ್ಷೆ ನಡೆಸಿದರು. ಅರ್ಧ ಜನಕ್ಕೆ ಎದೆಯ ಎಕ್ಸ್‌ರೇ, ಉಳಿದವರಿಗೆ ಕಡಿಮೆ ವಿಕಿರಣದ ಸಿ.ಟಿ. ಸ್ಕ್ಯಾನ್. ವರ್ಷಕ್ಕೊಮ್ಮೆಯಂತೆ ಮೂರು ಸಲ. 2011ರಲ್ಲಿ ಫಲಿತಾಂಶ ಬಂತು: ಸ್ಕ್ಯಾನ್ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವು ನೂರಕ್ಕೆ 20ರಷ್ಟು ಕಡಿಮೆ! ಸೂಜಿಯಿಲ್ಲ, ಗಂಟಲಿಗೆ ಕೊಳವೆಯಿಲ್ಲ. ಮಲಗಿ ಕೆಲವು ಸೆಕೆಂಡು ಉಸಿರು ಹಿಡಿದರೆ ಮುಗೀತು.

50ರಿಂದ 80 ವಯಸ್ಸು. ದಿನಕ್ಕೊಂದು ಪ್ಯಾಕಿನಂತೆ 20 ವರ್ಷ, ಇಲ್ಲವೇ ಅರ್ಧ ಪ್ಯಾಕಿನಂತೆ 40 ವರ್ಷ ಸೇದಿರಬೇಕು. ಈಗಲೂ ಸೇದುತ್ತಿರಬೇಕು, ಬಿಟ್ಟಿದ್ದರೆ 15 ವರ್ಷದೊಳಗಿರಬೇಕು. ಇಂಥವರು ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿಸಲಿ ಅಂತ 2021ರಲ್ಲಿ ಅಲ್ಲಿನ ತಜ್ಞರ ಸಮಿತಿ ಸಲಹೆ ಕೊಟ್ಟಿತು. ಬ್ರಿನ್ನರ್‌ಗೆ ರೋಗ ಸಿಕ್ಕಾಗ ಸಿಗರೇಟು ಬಿಟ್ಟು ಹನ್ನೆರಡು ವರ್ಷ. ನಮ್ಮಪ್ಪನಿಗೆ ಆರು. ಲೆಕ್ಕ ಹಾಕಿದವನೇ ಅಪ್ಪನ್ನ ಕರ್ಕೊಂಡು ಹೋದೆ.

ಎಡಗಡೆ 6 ಮಿಲಿಮೀಟರಿನ ಒಂದು ಚುಕ್ಕೆ! ನನ್ನ ಕೈಕಾಲು ತಣ್ಣಗಾಯ್ತು. ಡಾಕ್ಟರು ಮಾತ್ರ ಗಾಬರಿ ಬೀಳಲಿಲ್ಲ. ಅಮೆರಿಕದ ಆ ಪರೀಕ್ಷೆಯಲ್ಲೇ ಅನುಮಾನ ಬಂದವುಗಳಲ್ಲಿ ನೂರಕ್ಕೆ 96 ಕ್ಯಾನ್ಸರ್ ಆಗಿರಲಿಲ್ಲವಂತೆ. ನಮ್ಮ ಕಡೆ ಹಳೇ ಕ್ಷಯದ ಕಲೆಯೂ ಹೀಗೇ ಕಾಣುತ್ತೆ. "ಈಗಲೇ ಸೂಜಿ ಚುಚ್ಚೋದು ಬೇಡ. ಆರು ತಿಂಗಳಿಗೆ ಮತ್ತೆ ನೋಡೋಣ. ಬೆಳೆದಿದ್ರೆ ಮುಂದಿನ ಮಾತು" ಅಂದ್ರು.

ಅಷ್ಟರಲ್ಲಿ ಗೆಳೆಯನೊಬ್ಬ, "ಗುರೂ, ಈಗ ರಕ್ತದಲ್ಲೇ ಗೊತ್ತಾಗುತ್ತಂತೆ" ಅಂದ. ಸುಳ್ಳಲ್ಲ. ಗೆಡ್ಡೆ ತನ್ನ ಡಿಎನ್‌ಎ ಚೂರುಗಳನ್ನ ರಕ್ತಕ್ಕೆ ಬಿಡುತ್ತೆ, ಯಂತ್ರ ಅದನ್ನ ಹುಡುಕುತ್ತೆ. ಉಸಿರಿನ ವಾಸನೆಯಿಂದ, ಮೂಗಿನ ಜೀವಕೋಶದಿಂದ ಪತ್ತೆ ಮಾಡೋ ಪ್ರಯತ್ನವೂ ನಡೀತಿದೆ. ಆದರೆ ಚಿಕ್ಕ ಗೆಡ್ಡೆ ಬಿಡೋ ಚೂರು ತೀರಾ ಕಡಿಮೆ, ತಪ್ಪಿಹೋಗಬಹುದು. ಅನುಮಾನ ಬಂದರೂ ಸ್ಕ್ಯಾನ್ ಆಗಲೇಬೇಕು. ಇವು ಸದ್ಯಕ್ಕೆ ಹೊಸಮುಖಗಳು. ಹೀರೋ ಇನ್ನೂ ಸ್ಕ್ಯಾನೇ.

ನಿಮ್ಮ ವಯಸ್ಸಿನವರು ಸ್ಕ್ಯಾನಿಗೆ ಓಡಬೇಡಿ, ಸುಮ್ಮನೆ ವಿಕಿರಣ. ನಾನು ಪಿ.ಯು.ಸಿ. ಅರ್ಧಕ್ಕೆ ಬಿಟ್ಟವನು, ಡಾಕ್ಟರಲ್ಲ. ಕೇಳೋದು ಇಷ್ಟೇ: ಇವತ್ತು ರಾತ್ರಿ ಊಟಕ್ಕೆ ಕೂತಾಗ ಅಪ್ಪನ್ನೋ ದೊಡ್ಡಪ್ಪನ್ನೋ ಕೇಳಿ, ಎಷ್ಟು ವರ್ಷ, ದಿನಕ್ಕೆ ಎಷ್ಟು ಅಂತ. ಲೆಕ್ಕ ಹಾಕಿ ಡಾಕ್ಟರ ಹತ್ರ ಕರ್ಕೊಂಡು ಹೋಗಿ.

ಅಪ್ಪನ ಎರಡನೇ ಸ್ಕ್ಯಾನು ಮುಂದಿನ ತಿಂಗಳು. "ಮೊದಲು ನಿನ್ನ ಜೇಬು ಖಾಲಿ ಮಾಡು" ಅಂದ್ರು ಮೊನ್ನೆ. ಮಾಡಿದೆ. ಇವತ್ತಿಗೆ ಹನ್ನೊಂದನೇ ದಿನ.