ಬೆವರೂ ಪರಿಮಳದ ಡಬ್ಬಿಗಳೂ

ಕಳೆದ ಬೇಸಗೆಯ ರಜೆಗೆ ನಮ್ಮಲ್ಲಿಗೆ ಬಂದಿದ್ದ ಮೊಮ್ಮಗಳ ಪೆಟ್ಟಿಗೆಯಲ್ಲಿ ಮೂರು ವಿಚಿತ್ರ ಪದಾರ್ಥಗಳಿದ್ದುವು. ಒತ್ತಿದರೆ ಬುಸ್ಸೆನ್ನುವ ಡಬ್ಬಿಯೊಂದು. ಬಾಯಲ್ಲಿ ಗುಂಡು ಉರುಳುವ ಸೀಸೆಯೊಂದು. ಕಲ್ಲುಸಕ್ಕರೆಯ ಹರಳಿನಂತಹ ಗಟ್ಟಿಯೊಂದು. “ಮೂರೂ ಕಂಕುಳಿಗೇ ತಾತ, ಈ ಹರಳಿನಲ್ಲಿ ಮಾತ್ರ ಅಲ್ಯುಮಿನಿಯಂ ಇಲ್ಲವಂತೆ” ಎಂದಳು. ಅವಳಜ್ಜಿಯು “ಎರಡು ಹೊತ್ತು ಮಿಂದರೆ ಇವೊಂದೂ ಬೇಡ” ಎಂದು ತೀರ್ಪಿತ್ತು ಒಳಕ್ಕೆ ಹೋದಳು. ನಾವಾದರೋ ಭೂತಗನ್ನಡಿಯನ್ನು ಹಿಡಿದು, ಅವುಗಳ ಬೆನ್ನಿನ ಮೇಲಣ ಇರುವೆಗಾಲಿನಂತಹ ಅಕ್ಷರಗಳನ್ನು ಓದಲು ಕುಳಿತೆವು.

ಬೆವರಿಗೆ ಸ್ವತಃ ನಾತವಿಲ್ಲವೆಂಬುದನ್ನು ವಾಚಕರು ಮೊದಲು ತಿಳಿಯಬೇಕು. ಮೈಯೆಲ್ಲಾ ಹರಡಿರುವ ಸ್ವೇದಗ್ರಂಥಿಗಳು ನೀರನ್ನೂ ಉಪ್ಪನ್ನೂ ಹೊರಸೂಸಿ ಶರೀರವನ್ನು ತಂಪುಗೊಳಿಸುವುವು. ಕಂಕುಳೇ ಮೊದಲಾದ ಕೆಲವು ಎಡೆಗಳಲ್ಲಿ ಬೇರೊಂದು ಜಾತಿಯ ಗ್ರಂಥಿಗಳಿದ್ದು, ಅವು ಪ್ರಾಯವು ತಲೆದೋರುವಾಗ ಕೆಲಸಕ್ಕೆ ತೊಡಗುವುವು. ಅವುಗಳ ಸ್ರಾವವನ್ನು ಚರ್ಮದ ಮೇಲೆ ವಾಸಿಸುವ ಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿಗಳು ಒಡೆದಾಗಲೇ ದುರ್ಗಂಧವು ಹುಟ್ಟುವುದು. ನಾವು ಉಪಾಧ್ಯಾಯರಾಗಿದ್ದಾಗ ಹದಿಮೂರು ವರ್ಷದ ಹುಡುಗನೊಬ್ಬನನ್ನು “ಸ್ನಾನಮಾಡಿ ಬಾರೋ” ಎಂದು ಇಡೀ ತರಗತಿಯ ಎದುರಿಗೆ ಗದರಿಸಿ, ಕಿಟಕಿಯ ಮಗ್ಗುಲಿಗೆ ಒಬ್ಬನನ್ನೇ ಕೂರಿಸಿದ್ದೆವು. ಅವನು ನಿತ್ಯವೂ ಮಿಂದೇ ಬರುವನೆಂದು ಅವನ ತಾಯಿಯು ಬಂದು ಹೇಳಿದಾಗಲೂ ನಂಬಲಿಲ್ಲ. ಇದನ್ನು ಬರೆಯುತ್ತಿರುವಾಗ ಆ ಹುಡುಗನ ಬಗ್ಗಿದ ತಲೆಯು ನಮ್ಮ ಕಣ್ಣೆದುರಿಗೆ ಬರುತ್ತಿದೆ.

ಈ ಡಬ್ಬಿಗಳಲ್ಲಿ ಎರಡು ಕುಲಗಳುಂಟು. ಡಿಯೋಡರೆಂಟ್ ಎಂಬುದು ನಾತವನ್ನು ಮಾತ್ರ ತಡೆಯುವಂಥಾದ್ದು. ಆಂಟಿಪರ್ಸ್ಪಿರೆಂಟ್ ಎಂಬುದು ಬೆವರನ್ನೇ ತಡೆಯುವಂಥಾದ್ದು. ಇವಕ್ಕೆ ಗಂಧಹರ, ಸ್ವೇದರೋಧಕ ಎಂದು ನಾವು ನಾಮಕರಣ ಮಾಡಿದೆವು, ಮೊಮ್ಮಗಳು ನಕ್ಕಳು. ಬುಸ್ಸೆನ್ನುವ ಡಬ್ಬಿಯಲ್ಲಿ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಆಲ್ಕೋಹಾಲು, ಪರಿಮಳ, ಅವನ್ನು ಹೊರಕ್ಕೆ ತಳ್ಳುವ ಬ್ಯೂಟೇನ್, ಪ್ರೊಪೇನ್ ಎಂಬ ಅನಿಲಗಳು, ಇಷ್ಟೇ. ಇದರಿಂದ ಬೆವರು ನಿಲ್ಲದು. ಆ ಅನಿಲಗಳು ಥಟ್ಟನೆ ಬೆಂಕಿ ಹಿಡಿಯುವುವಾದ್ದರಿಂದ ಒಲೆಯ ಬಳಿಯಲ್ಲಾಗಲಿ ದೇವರ ದೀಪದ ಮುಂದಾಗಲಿ ಅದನ್ನು ಒತ್ತಲೇ ಕೂಡದು.

ಗುಂಡಿನ ಸೀಸೆಯಲ್ಲಿ ಅಲ್ಯುಮಿನಿಯಂ ಕ್ಲೋರೋಹೈಡ್ರೇಟ್ ಎಂಬ ಲವಣವಿದ್ದಿತು. ಅದು ಬೆವರಿನಲ್ಲಿ ಕರಗಿ, ಸ್ವೇದನಾಳದ ಬಾಯಲ್ಲಿ ಲೋಳೆಯ ಬಿರಡೆಯಾಗಿ ಕೆಲಕಾಲ ನಿಲ್ಲುವುದು. ರಾತ್ರಿ ಮಲಗುವಾಗ, ಬೆವರು ಕಡಮೆಯಿರುವ ಹೊತ್ತಿನಲ್ಲಿ, ಒಣಗಿದ ಚರ್ಮಕ್ಕೆ ಹಚ್ಚಿದರೆ ಗುಣವು ಹೆಚ್ಚು. ಬೆಳಗ್ಗೆ ಆಫೀಸಿಗೆ ಓಡುವಾಗ ಬಳಿದುಕೊಳ್ಳುವವರಿಗೆ ಇದು ತಿಳಿಯದು. 1903ರಲ್ಲಿ ಅಮೆರಿಕೆಯಲ್ಲಿ ಮಾರಾಟಕ್ಕೆ ಬಂದ ‘ಎವರ್‌ಡ್ರೈ’ ಎಂಬುದರಲ್ಲಿ ಅಲ್ಯುಮಿನಿಯಂ ಕ್ಲೋರೈಡ್ ಇದ್ದಿತು. ಆ ಲವಣದ ದ್ರಾವಣವು ಬಲು ಆಮ್ಲ. ಚರ್ಮವನ್ನು ಉರಿಸುವುದು, ಬಟ್ಟೆಯನ್ನು ತಿನ್ನುವುದು. ಕ್ಲೋರೋಹೈಡ್ರೇಟ್ ಅದಕ್ಕಿಂತ ಸೌಮ್ಯವಾದುದು. ಅಮೆರಿಕೆಯ ಸರಕಾರವು ಸ್ವೇದರೋಧಕವನ್ನು ಔಷಧವೆಂದೇ ಎಣಿಸಿ, ಕ್ಲೋರೈಡಿಗೆ ನೂರಕ್ಕೆ 15, ಕ್ಲೋರೋಹೈಡ್ರೇಟಿಗೆ ನೂರಕ್ಕೆ 25 ಎಂದು ಮಿತಿಯನ್ನಿಟ್ಟಿದೆ.

ಇನ್ನು ಆ ಹರಳು. ನಾಲಗೆಯ ತುದಿಗೆ ತಾಗಿಸಿ ನೋಡಿದೆವು, ಒಗರು! ನಮ್ಮ ಕ್ಷೌರಿಕನ ಪೆಟ್ಟಿಗೆಯಲ್ಲಿರುವ ಪಟಿಕವೇ ಇದು. ಕಷಾಯರಸಕ್ಕೆ ಸ್ತಂಭನಗುಣವನ್ನು ನಮ್ಮ ವೈದ್ಯಶಾಸ್ತ್ರವು ಹೇಳಿಯೇ ಇದೆ. ಪಟಿಕವೆಂದರೆ ಪೊಟಾಸಿಯಂ, ಅಲ್ಯುಮಿನಿಯಂಗಳ ಗಂಧಕಾಮ್ಲ ಲವಣ. ಅಲ್ಯುಮಿನಿಯಂ ಅದರ ಹೊಟ್ಟೆಯಲ್ಲೇ ಇದೆ. ಪೊಟ್ಟಣವನ್ನು ಮತ್ತೆ ನೋಡಿದರೆ “ಅಲ್ಯುಮಿನಿಯಂ ಕ್ಲೋರೋಹೈಡ್ರೇಟ್ ಇಲ್ಲ” ಎಂದು ಅಚ್ಚಾಗಿದ್ದಿತು! ಧರ್ಮರಾಯನು ಅಶ್ವತ್ಥಾಮನ ವಿಷಯದಲ್ಲಿ ಆಡಿದ ಮಾತಿನ ಜಾತಿಯ ಸತ್ಯವಿದು. ಇದು ಸೂಕ್ಷ್ಮಜೀವಿಗಳನ್ನು ಅಡಗಿಸೀತು, ಬೆವರನ್ನು ಅಷ್ಟಾಗಿ ತಡೆಯದು. ಗ್ರಂಧಿಗೆ ಅಂಗಡಿಯಲ್ಲಿ ಅದೇ ಗಟ್ಟಿಯು ಎಷ್ಟೋ ಅಗ್ಗವಾಗಿ ದೊರೆಯುವುದು.

ಅಲ್ಯುಮಿನಿಯಂ ಎಂದೊಡನೆ ಅರ್ಬುದರೋಗವೆಂದು ಬೆದರುವವರುಂಟು. ಅಮೆರಿಕೆಯಲ್ಲಿ ಸ್ತನದ ಅರ್ಬುದವಿದ್ದ 813 ಮಂದಿ ಸ್ತ್ರೀಯರನ್ನೂ, ಇಲ್ಲದ 793 ಮಂದಿಯನ್ನೂ ವಿಚಾರಿಸಿ 2002ರಲ್ಲಿ ಪ್ರಕಟಿಸಿದ ಪರಿಶೋಧನೆಯಲ್ಲಿ ಅಂತಹ ಸಂಬಂಧವೇನೂ ಕಾಣಲಿಲ್ಲ. ಮೂತ್ರಪಿಂಡಗಳು ಕೆಟ್ಟವರ ಮಾತು ಬೇರೆ. ಶರೀರಕ್ಕೆ ಸೇರಿದ ಅಲ್ಯುಮಿನಿಯಮನ್ನು ಹೊರಹಾಕುವ ಕೆಲಸ ಮೂತ್ರಪಿಂಡಗಳದೇ ಆದುದರಿಂದ, ಅಂತಹವರು ವೈದ್ಯರನ್ನು ಕೇಳದೆ ಹಚ್ಚಬಾರದು. ನಮ್ಮ ಅಣ್ಣಂದಿರಿಗೆ ಆ ರೋಗವಿದೆ. ಅವರ ಮಗನು ತಂದಿಟ್ಟಿದ್ದ ಸೀಸೆಯನ್ನು ಆ ಸಂಜೆಯೇ ಹೋಗಿ ತೆಗೆಸಿ ಬಂದೆವು. ಸ್ತನದ ಕ್ಷಕಿರಣಪರೀಕ್ಷೆಗೆ ಹೋಗುವ ಹೆಂಗಸರೂ ಆ ದಿನ ಇದನ್ನು ಹಚ್ಚಬಾರದು. ಲವಣದ ಕಣಗಳು ಚಿತ್ರದಲ್ಲಿ ರೋಗಚಿಹ್ನೆಯಂತೆ ತೋರುವುದುಂಟು.

‘ನೈಸರ್ಗಿಕ’ವೆಂಬ ಹೆಸರಿನವುಗಳಲ್ಲಿ ಅಡಿಗೆ ಸೋಡ ಇರುವುದುಂಟು. ಚರ್ಮವು ತುಸು ಆಮ್ಲ, ಸೋಡವು ಕ್ಷಾರ. ಕೆಲವರಿಗೆ ಕೆಂಪಾಗಿ ಉರಿಯುವುದು. ಪರಿಮಳವೆಂಬ ಒಂದೇ ಮಾತಿನಲ್ಲಿ ಹತ್ತಾರು ದ್ರವ್ಯಗಳು ಅಡಗಿರಬಹುದು. ತುರಿಕೆ ಬಂದರೆ ಮೊದಲು ಶಂಕಿಸಬೇಕಾದುದು ಅದನ್ನೇ.

ಮೊಮ್ಮಗಳು ಗುಂಡಿನ ಸೀಸೆಯನ್ನೊಂದನ್ನೇ ಕೊಂಡೊಯ್ದಳು. ಹರಳನ್ನು ನಮಗೆ ಬಿಟ್ಟಿದ್ದಾಳೆ. ಕ್ಷೌರವಾದ ಮೇಲೆ ಗಲ್ಲಕ್ಕೆ ಉಜ್ಜಿಕೊಳ್ಳುತ್ತಿದ್ದೇವೆ.