ಬಾಗಿಲು ಹಾಕ್ತೀರಿ, ಫೋನ್ ತೆರೆದಿಡ್ತೀರಿ

ಈ ಸಲ ಯುಗಾದಿ ಊಟದಲ್ಲಿ ಮಾತು ಫೋನಿನ ಕಡೆ ತಿರುಗಿತು. ಲೊಕೇಶನ್ ಆಫ್ ಮಾಡಿಡಿ ಅಂದೆ, ಅಷ್ಟೇ. "ಅಯ್ಯೋ ಬಿಡ್ರೀ, ನಾವೇನು ಕಳ್ಳರಾ? ಮುಚ್ಚಿಡೋಕೆ ನಮ್ಮ ಹತ್ರ ಏನಿದೆ?" ಅಂತ ನಾಲ್ಕು ಜನ ನಕ್ಕರು. ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಹೀಗನ್ನೋರೇ ಸಂಜೆಯಾದರೆ ಕಿಟಕಿಗೆ ಪರದೆ ಎಳೀತಾರೆ. ಸಂಬಳ ಎಷ್ಟು ಅಂತ ಕೇಳಿದರೆ ಮಾತು ಮರೆಸ್ತಾರೆ.

ಲೊಕೇಶನ್ ಅಂದರೆ ಮ್ಯಾಪಿನ ಮೇಲಿನ ಒಂದು ಚುಕ್ಕಿ ಅಂದುಕೊಂಡಿದ್ದೀರಿ. ಚುಕ್ಕಿಗಳನ್ನು ಸೇರಿಸಿದರೆ ರಂಗೋಲಿ ಆಗುತ್ತೆ. ಯಾವ ಡಾಕ್ಟರ ಹತ್ರ ಹೋದಿರಿ, ಯಾವ ಕಂಪನಿಗೆ ಗುಟ್ಟಾಗಿ ಇಂಟರ್‌ವ್ಯೂಗೆ ಹೋದಿರಿ, ಯಾವ ವಕೀಲರನ್ನು ಕಂಡಿರಿ, ರಾತ್ರಿ ಎಲ್ಲಿ ಮಲಗಿದಿರಿ, ಎಲ್ಲವೂ ಅದರಲ್ಲಿ ಮೂಡುತ್ತೆ. ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋದ ಕಾರ್ಪೆಂಟರ್ ಮೊಕದ್ದಮೆಯಲ್ಲಿ ಸರ್ಕಾರದ ಕೈಲಿದ್ದದ್ದು ಒಬ್ಬ ಮನುಷ್ಯನ 127 ದಿನಗಳ 12,898 ಚುಕ್ಕಿಗಳು. ಜಿಪಿಎಸ್ ಅಲ್ಲ, ಬರೀ ಮೊಬೈಲ್ ಟವರಿನ ದಾಖಲೆ. ಇಂಥದ್ದನ್ನು ಪಡೆಯೋಕೆ ಸಾಮಾನ್ಯವಾಗಿ ವಾರಂಟ್ ಬೇಕು ಅಂತ 2018ರಲ್ಲಿ ಕೋರ್ಟು ಹೇಳಿತು.

ಮುಂಬಾಗಿಲು ಮುಚ್ಚಿತು, ಹಿತ್ತಲ ಬಾಗಿಲು ತೆರೆದೇ ಇತ್ತು. ನಾವು ಯೋಚಿಸದೆ ಅನುಮತಿ ಕೊಟ್ಟ ಆ್ಯಪುಗಳಿಂದ ಲೊಕೇಶನ್ ದಲ್ಲಾಳಿಗಳ ಕೈ ಸೇರುತ್ತೆ. ವಾರಂಟ್ ತಂದು ಕೇಳಬೇಕಾದ್ದನ್ನು ಅಲ್ಲಿ ದುಡ್ಡು ಕೊಟ್ಟು ಕೊಳ್ಳಬಹುದು. ಅಮೆರಿಕದ ಹೋಮ್‌ಲ್ಯಾಂಡ್ ಸೆಕ್ಯುರಿಟಿ ಇಲಾಖೆ ಇಂಥ ಡೇಟಾ ಕೊಂಡು ವಲಸಿಗರನ್ನು ಪತ್ತೆ ಹಚ್ಚೋಕೂ ಬಳಸಿದ್ದನ್ನು 2020ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಬಯಲಿಗೆಳೆಯಿತು. ವೀಸಾ ಮೇಲೆ ಬದುಕೋ ನಾವು ಯಾವ ಧೈರ್ಯದ ಮೇಲೆ ನಗ್ತಿದ್ದೀವಿ? ಇವತ್ತು ತಪ್ಪಲ್ಲದ್ದು ನಾಳೆಯೂ ತಪ್ಪಾಗಲ್ಲ ಅಂತ ಬರೆದುಕೊಟ್ಟವರು ಯಾರು?

ಇನ್ನು "ಮಕ್ಕಳ ಸುರಕ್ಷತೆಗೆ" ಅನ್ನೋ ವಾದ. ಮನೆಯವರು ಎಲ್ಲಿದ್ದಾರೆ ಅಂತ ನೋಡೋಕೆ ಕೋಟಿಗಟ್ಟಲೆ ಜನ ಹಾಕಿಕೊಂಡಿದ್ದ ಲೈಫ್360 ಆ್ಯಪು ಅದೇ ಕುಟುಂಬಗಳ ಲೊಕೇಶನ್ ಡೇಟಾವನ್ನು ದಲ್ಲಾಳಿಗಳಿಗೆ ಮಾರುತ್ತಿತ್ತು ಅಂತ 2021ರಲ್ಲಿ ದ ಮಾರ್ಕಪ್ ವರದಿ ಮಾಡಿತು. ಸುದ್ದಿಯಾದ ಮೇಲೆ, ಆ ಮಾರಾಟವನ್ನು ಬಹುಮಟ್ಟಿಗೆ ನಿಲ್ಲಿಸ್ತೀವಿ ಅಂತ ಕಂಪನಿ ಹೇಳಿತು. ಬೇಲಿಯೇ ಎದ್ದು ಹೊಲ ಮೇಯೋದು ಅಂದರೆ ಇದೇ.

ನಾನೂ ಸಾಚಾ ಅಲ್ಲ. ಮಗಳು ಡ್ರೈವಿಂಗ್ ಕಲಿತ ವರ್ಷ ಅವಳ ಚುಕ್ಕಿ ನೋಡ್ತಾ ಕೂರ್ತಿದ್ದೆ. ಒಂದು ದಿನ ಅವಳೇ ಅಂದಳು: "ಅಪ್ಪಾ, ‘ಎಲ್ಲಿಗೆ ಹೋಗಿದ್ದೆ’ ಅಂತ ನೀನು ನನ್ನ ಈಗ ಕೇಳೋದೇ ಇಲ್ಲ." ನನ್ನ ಹತ್ರ ಉತ್ತರ ಇರಲಿಲ್ಲ. ಅವತ್ತೇ ಆಫ್ ಮಾಡಿದೆ. ಈಗ ತಲುಪಿದ ಮೇಲೆ ಮೆಸೇಜ್ ಹಾಕ್ತಾಳೆ. ಕೆಲವು ಸಲ ಮರೀತಾಳೆ, ನಾನು ಒದ್ದಾಡ್ತೀನಿ. ಮಕ್ಕಳನ್ನು ಹೆತ್ತ ಮೇಲೆ ಅಷ್ಟು ಒದ್ದಾಟ ಇದ್ದದ್ದೇ.

ಹತ್ತು ನಿಮಿಷ ಬಿಡುವು ಮಾಡಿಕೊಳ್ಳಿ. ಸೆಟ್ಟಿಂಗ್ಸ್‌ಗೆ ಹೋಗಿ, ಲೊಕೇಶನ್ ಬೇಕೇ ಬೇಕು ಅನ್ನೋ ಆ್ಯಪುಗಳಿಗೆ ಬಳಸುವಾಗ ಮಾತ್ರ ಅನುಮತಿ ಕೊಡಿ. ಮ್ಯಾಪು, ಕ್ಯಾಬು ಬಿಟ್ಟು ಬೇರೆ ಯಾವುದಕ್ಕೂ ನಿಮ್ಮ ನಿಖರವಾದ ಜಾಗ ಗೊತ್ತಾಗೋದು ಬೇಡ. ಆಂಡ್ರಾಯ್ಡಿನಲ್ಲಿ ಜಾಹೀರಾತು ಐಡಿ ಅಳಿಸಿ. ಐಫೋನಿನಲ್ಲಿ ಟ್ರ್ಯಾಕಿಂಗ್‌ಗೆ ಅನುಮತಿ ಕೇಳೋದನ್ನೇ ನಿಲ್ಲಿಸಿ. ಜಿಪಿಎಸ್ ಒಂದೇ ದಾರಿ ಅಂದುಕೊಳ್ಳಬೇಡಿ. ಸುತ್ತಲಿನ ವೈಫೈ, ಬ್ಲೂಟೂತ್ ಸಿಗ್ನಲ್‌ಗಳಿಂದಲೂ ಫೋನ್ ಎಲ್ಲಿದೆ ಅಂತ ತಿಳಿಯುತ್ತೆ. ಆಂಡ್ರಾಯ್ಡಿನಲ್ಲಿ ಅವುಗಳ ಸ್ಕ್ಯಾನಿಂಗ್‌ಗೆ ಬೇರೆಯದೇ ಸ್ವಿಚ್ ಇದೆ, ಅದನ್ನೂ ಆರಿಸಿ.

ಟವರ್ ಮಾತ್ರ ನಮ್ಮ ಕೈಲಿಲ್ಲ. ಫೋನ್ ನೆಟ್‌ವರ್ಕಿನಲ್ಲಿ ಇರೋವರೆಗೂ ಕಂಪನಿಗೆ ಗೊತ್ತಿರುತ್ತೆ. ಅದನ್ನೂ ದಲ್ಲಾಳಿಗಳನ್ನೂ ಹಿಡಿತದಲ್ಲಿಡಬೇಕಾದ್ದು ಕಾನೂನು. ನಮ್ಮಲ್ಲಿ ಎಷ್ಟೋ ಜನಕ್ಕೆ ಇಲ್ಲಿ ಓಟಿಲ್ಲ. ಇಲ್ಲೇ ಹುಟ್ಟಿದ ಮಕ್ಕಳೇ, ನಿಮಗಿದೆ. ವಾರಂಟ್ ಇಲ್ಲದೆ ಸರ್ಕಾರ ನಮ್ಮ ಓಡಾಟವನ್ನು ಅಂಗಡಿ ಸಾಮಾನಿನ ಹಾಗೆ ಕೊಳ್ಳೋದು ಸರೀನಾ ಅಂತ ನಿಮ್ಮ ಪ್ರತಿನಿಧಿಗಳನ್ನು ಕೇಳಿ. ಹಾಗೇ, ಇವತ್ತು ರಾತ್ರಿ ಅಪ್ಪ ಅಮ್ಮನ ಫೋನ್ ಇಸ್ಕೊಂಡು ಆ ಸೆಟ್ಟಿಂಗ್ಸ್ ಸರಿಮಾಡಿಕೊಡಿ. "ಮುಚ್ಚಿಡೋಕೆ ಏನಿದೆ" ಅಂತ ಅವರಂದರೆ, ಸಂಬಳ ಎಷ್ಟು ಅಂತ ಕೇಳಿ ನೋಡಿ.